ನಾನು ಕುರ್ಚಿಯಲ್ಲಿ ಕೂರಿಸಿದ ಮಾವ

ನನ್ನ ಮಾವನಿಗೆ, ಅಂದರೆ ಗಂಡನ ತಂದೆಗೆ, ಪಾತ್ರೆ ತೊಳೆಯುವುದೆಂದರೆ ಇಷ್ಟ. ಈ ಒಂದು ವಾಕ್ಯ ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಇಪ್ಪತ್ತೆರಡು ವರ್ಷ ಮಿಲಿಟರಿಯಲ್ಲಿದ್ದು ಹವಾಲ್ದಾರರಾಗಿ ಬಿಟ್ಟು ಬಂದವರು ಅವರು. ಮಾಜಿ ಸೈನಿಕರ ಸಭೆಗೆ ಹೊರಟರೆ ಎದೆಯ ಮೇಲೆ ನಾಲ್ಕು ಪದಕ ತೂಗುತ್ತಿದ್ದವು. ಅದೇ ಮನುಷ್ಯ ಬೆಳಗಾದರೆ ಖಾಕಿ ಚಡ್ಡಿ, ಬನಿಯನ್ನು ತೊಟ್ಟು ಹಿತ್ತಲ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಮುಸುರೆ ತಿಕ್ಕುತ್ತಿದ್ದರು. ತಿಕ್ಕಿದ್ದನ್ನು ದೊಡ್ಡದರಿಂದ ಚಿಕ್ಕದರವರೆಗೆ ಬಿಸಿಲಿಗೆ ಸಾಲಾಗಿ ನಿಲ್ಲಿಸಿ, ಎದ್ದು, ಸೊಂಟಕ್ಕೆ ಕೈಕೊಟ್ಟು ಒಮ್ಮೆ ನೋಡುತ್ತಿದ್ದರು. ಒಂದು ಲೋಟ ಸಾಲು ತಪ್ಪಿದ್ದರೂ ಬಗ್ಗಿ ಸರಿ ಮಾಡುತ್ತಿದ್ದರು.

ಯಾರಾದರೂ ಮಾವನ ಬಗ್ಗೆ ಕೇಳಿದರೆ ನಾನು ಹಿಮದ ಕಥೆ ಹೇಳುತ್ತಿದ್ದೆ, ಗಡಿಯ ಕಥೆ ಹೇಳುತ್ತಿದ್ದೆ. ಹಿತ್ತಲ ಕಲ್ಲಿನ ಕಥೆ ಹೇಳಿದವಳಲ್ಲ. ಅವರು ತೀರಿಕೊಂಡು ಎರಡು ವರ್ಷವಾಯಿತು. ಈಗಲೂ ಹೇಳದಿದ್ದರೆ ನಾನು ಅವರಿಗೆ ಮಾಡಿದ್ದು ನನ್ನ ಜೊತೆಗೇ ಮಣ್ಣಾಗುತ್ತದೆ. ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳಲು ನನಗೆ ಮನಸ್ಸಿಲ್ಲ.

ನಾನು ಯಳಂದೂರಿನ ಕಡೆಯವಳು. ಕಾಲುವೆ ನೀರು, ಭತ್ತದ ಗದ್ದೆ, ಶಿವಭಕ್ತರ ಮನೆತನ ಎಂದು ಮೂರು ಹೊತ್ತೂ ಹೇಳಿಕೊಳ್ಳುವ ಜನ ನಾವು. ನಾನು ಐದು ವರ್ಷದವಳಿದ್ದಾಗಲೇ ಅಮ್ಮ ಹೋದಳು. ಸಾಕಿದ್ದು ದೊಡ್ಡಮ್ಮ, ಅಮ್ಮನ ಅಕ್ಕ. ನನ್ನನ್ನು ಹನೂರಿನಾಚೆ ರಾಮಾಪುರಕ್ಕೆ ಕೊಟ್ಟಾಗ ದೊಡ್ಡಮ್ಮ, "ನೀರ್ ಕಾಣ್ದ ಸೀಮೆಗೆ ಕೊಟ್ಬುಟ್ವಿ ಕಣವ್ವ" ಎಂದು ಕಂಡಕಂಡವರ ಮುಂದೆ ಕಣ್ಣೀರು ಹಾಕಿದಳು. ಹುಡುಗ ಲೈನ್‌ಮನ್, ಅವನ ಅಪ್ಪ ಮಿಲಿಟರಿಯವರು ಎಂಬುದೇ ಅವಳಿಗಿದ್ದ ಸಮಾಧಾನ. "ಮಿಲ್ಟ್ರಿ ಬೀಗ್ರು" ಎನ್ನುವಾಗ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ನಮ್ಮಲ್ಲಿ ಬೀಗರೆಂದರೆ ದೇವರಿಗಿಂತ ಒಂದು ಕೈ ಮೇಲು. ದೇವರಿಗೆ ಎಡೆ ತಡವಾದರೆ ನಡೆಯುತ್ತದೆ, ಬೀಗರ ಕಾಲಿಗೆ ನೀರು ತಡವಾದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ.

ಮದುವೆಯಾದ ಎರಡನೆಯ ವರ್ಷ ಅತ್ತೆ ತೀರಿಕೊಂಡರು. ಆಗ ದೊಡ್ಡ ಮಗಳು ನನ್ನ ಹೊಟ್ಟೆಯಲ್ಲಿದ್ದಳು. ನನಗೆ ಹನೂರಿನ ಹತ್ತಿರದ ಶಾಲೆಯೊಂದರಲ್ಲಿ ಟೀಚರ್ ಕೆಲಸ. ಗಂಡ ಕಂಬ ಹತ್ತಲು ಹೋದರೆ ಎಷ್ಟು ಹೊತ್ತಿಗೆ ಇಳಿಯುತ್ತಾರೋ ಹೇಳುವ ಹಾಗಿಲ್ಲ. ಇನ್ನು ಈ ಮನೆ ಹೇಗೆ ನಡೆಯುತ್ತದಪ್ಪಾ ಎಂದು ತಲೆಯ ಮೇಲೆ ಕೈ ಹೊತ್ತುಕೊಂಡಿದ್ದಾಗ, ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಮಾವ. ಗಡ್ಡ ಹೆರೆದುಕೊಂಡು, ತಲೆ ಬಾಚಿಕೊಂಡು, ಮೆರವಣಿಗೆಗೆ ಹೊರಟವರ ಹಾಗೆ ತಯಾರಾಗಿ ನಿಂತು ಚಪಾತಿ ಲಟ್ಟಿಸುತ್ತಿದ್ದರು.

"ನೀವ್ಯಾಕೆ ಮಾವ?" ಎಂದೆ.

"ಸುಮ್ಕಿರು ಮಗ. ಹತ್ತು ಹದ್ನೈದು ಜನಕ್ಕೆ ಲಟ್ಟುಸ್ದ ಕೈ ಇದು. ಮೂರ್ ಜನ ಒಂದ್ ಲೆಕ್ಕವಾ?" ಎಂದರು.

ಅವರು ಅಡುಗೆಯವರಾಗಿ ಸೇರಿದವರಲ್ಲ, ಬಂದೂಕು ಹಿಡಿದವರೇ. ಆದರೆ ಎಲ್ಲೋ ಬೆಟ್ಟದ ತುದಿಯ ಠಾಣ್ಯದಲ್ಲಿ ಹತ್ತು ಹದಿನೈದು ಜನ ಮಾತ್ರ ಉಳಿದಾಗ ಸರದಿಯ ಮೇಲೆ ಎಲ್ಲರೂ ಒಲೆ ಹಚ್ಚಬೇಕು, ಎಲ್ಲರೂ ಪಾತ್ರೆ ಉಜ್ಜಬೇಕು. ಅಲ್ಲಿ ಗಂಡಸಿನ ಕೆಲಸ, ಹೆಂಗಸಿನ ಕೆಲಸ ಎಂದು ಎರಡಿರಲಿಲ್ಲ. ಕೆಲಸ ಒಂದೇ ಇತ್ತು, ಮಾಡಬೇಕಿತ್ತು. ಅವರು ಊರಿಗೆ ಬರುವಾಗ ಟ್ರಂಕಿನ ಜೊತೆ ಆ ಅಭ್ಯಾಸವನ್ನೂ ತಂದಿದ್ದರು.

ದೊಡ್ಡವಳು ಹುಟ್ಟಿದಳು, ಮೂರು ವರ್ಷಕ್ಕೆ ಚಿಕ್ಕವಳು ಹುಟ್ಟಿದಳು. ಇಬ್ಬರಿಗೂ ನೀರು ಹಾಕಲು ಕೆಲಸದ ಮುದುಕಿ ಬರುತ್ತಿದ್ದಳು. ಮಿಕ್ಕಿದ್ದೆಲ್ಲ ಮಾವನದೇ. ತೊಟ್ಟಿಲು ತೂಗುವುದು, ಅಂಬಲಿ ಕಾಯಿಸುವುದು, ಬಟ್ಟೆ ಒಗೆದು ಅಂಚಿಗೆ ಅಂಚು ಕೂಡಿಸಿ ಮಡಚಿಡುವುದು. ಹುಡುಗಿಯರು ಶಾಲೆಗೆ ಹೋಗುವ ಹೊತ್ತಿಗೆ ಜಡೆ ಹೆಣೆಯುವುದನ್ನೂ ಕಲಿತರು. ಬೂಟಿನ ಲೇಸು ಬಿಗಿಯುವ ಹಾಗೆ ಬಿಗಿದು ಟೇಪು ಕಟ್ಟುತ್ತಿದ್ದರು. ಹುಬ್ಬು ಮೇಲಕ್ಕೆ ಎಳೆದುಕೊಂಡು ಮಕ್ಕಳು ದಿನವಿಡೀ ಆಶ್ಚರ್ಯಪಡುತ್ತಿರುವ ಹಾಗೆ ಕಾಣುತ್ತಿದ್ದರು. ಸಂಜೆಯವರೆಗೆ ಒಂದು ಕೂದಲು ಕದಲುತ್ತಿರಲಿಲ್ಲ. ಹಸುವಿನ ಹತ್ತಿರ ಮಾತ್ರ ಅವರದು ಹಿಂದಿ. "ಪೀಛೇ ಹಠ್" ಎಂದರೆ ನಮ್ಮ ಹಸು ಹಿಂದಕ್ಕೆ ಸರಿಯುತ್ತಿತ್ತು. ಕನ್ನಡದಲ್ಲಿ ನಾನು ಎಷ್ಟು ಗದರಿದರೂ ಕಿವಿ ಕೂಡ ಆಡಿಸುತ್ತಿರಲಿಲ್ಲ.

ಒಮ್ಮೆ ಚಿಕ್ಕವಳು ಮೊದಲ ಸಲ ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಹಾಕಿದಳು. ಮಾವ ನೆಲದ ಮೇಲೆ ಕೂತು ಕೈ ಚಾಚಿದ್ದರು. ಅವಳು ಬಂದು ಬಿದ್ದದ್ದು ಅವರ ಎದೆಯ ಮೇಲೆ. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಕಡೆ ತಿರುಗದೆಯೇ ಹೇಳಿದರು: "ನನ್ ಮಗ ನಡೆಯಾದ್ ಕಲ್ತದ್ದ ನಾನು ಕಾಗ್ದದಲ್ಲಿ ಓದ್ದೆ ಮಗ. ಮಾತ್ ಕಲ್ತದ್ನೂ ಕಾಗ್ದದಲ್ಲೇ ಓದ್ದೆ. ಇವ್ಗಳ್ದ ಕಣ್ಣಲ್ಲಿ ನೋಡ್ದೆ, ಅಷ್ಟು ಸಾಕು."

ನನಗೆ ಎಲ್ಲವೂ ಅವತ್ತೇ ಗೊತ್ತಾಗಬೇಕಿತ್ತು. ಅವರಿಗೆ ಈ ಮನೆಯಲ್ಲಿ ಬೇಕಾಗಿದ್ದದ್ದು ಒಂದೇ. ತನ್ನ ಜನಕ್ಕೆ ತನ್ನ ಕೈಯಿಂದ ಏನಾದರೂ ಮಾಡುತ್ತಿರಬೇಕು. ಇಪ್ಪತ್ತೆರಡು ವರ್ಷ ದೂರದಲ್ಲಿದ್ದು ಮಾಡಲಾಗದ್ದನ್ನೆಲ್ಲ ಈಗ ಮಾಡಿ ಮುಗಿಸಬೇಕು. ಅದನ್ನೇ ನಾನು ಕಿತ್ತುಕೊಂಡೆ. ಕಿತ್ತುಕೊಂಡದ್ದಕ್ಕೆ ಮರ್ಯಾದೆ ಎಂದು ಹೆಸರಿಟ್ಟೆ.

ಊರಿನವರು ಮಾತನಾಡುತ್ತಿದ್ದರು, ಇಲ್ಲವೆನ್ನುವುದಿಲ್ಲ. ಊರ ಬಾಯಿಗೆ ಮುಚ್ಚಳ ಎಲ್ಲಿದೆ? "ಟೀಚರಮ್ಮ ಬ್ಯಾಗ್ ತಗಲಾಕ್ಕಂಡು ಬಸ್ ಅತ್ತಳೆ, ಮಾವ ಮುಸ್ರೆ ತಿಕ್ತನೆ" ಎಂದು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳು ನನ್ನ ಬೆನ್ನ ಹಿಂದೆಯೇ ಹೇಳಿದ್ದಳು. ನನಗೆ ಮೂಗಿನ ತುದಿಯಲ್ಲೇ ಕೋಪ. ತಿರುಗಿ ನಿಂತು ಅವಳ ಜನ್ಮ ಜಾಲಾಡಿಬಿಟ್ಟೆ. ಆದರೆ ಮನೆಗೆ ಬಂದ ಮೇಲೆ ಹಿತ್ತಲ ಬಾಗಿಲು ಹಾಕಲು ಶುರುಮಾಡಿದೆ. ಮಾವ ಒಳಗಿನಿಂದ ಪಾತ್ರೆ ತಂದುಕೊಂಡು ಕೂತ ಕೂಡಲೇ ನಾನು ಹೋಗಿ ಓಣಿಯ ಕಡೆಯ ಬಾಗಿಲಿಗೆ ಅಗಳಿ ಹಾಕುತ್ತಿದ್ದೆ. ಅವರು ಏನೂ ಕೇಳಲಿಲ್ಲ. ಕೋಳಿ ಒಳಕ್ಕೆ ಬರದಿರಲಿ ಎಂದು ಹಾಕುತ್ತಾಳೆ ಎಂದುಕೊಂಡರೋ ಏನೋ.

ಒಂದು ಭಾನುವಾರ ದೊಡ್ಡಮ್ಮ ಹೇಳದೆ ಕೇಳದೆ ಬಂದುಬಿಟ್ಟಳು. ಮಕ್ಕಳು ಮೊಮ್ಮಕ್ಕಳ ಜೊತೆ ಮಹದೇಶ್ವರನ ಬೆಟ್ಟಕ್ಕೆ ಹೋಗಿ ಇಳಿದು ಬರುವಾಗ ದಾರಿಯಲ್ಲಿ ನನ್ನನ್ನು ನೋಡೋಣವೆಂದು ಕಾರು ನಿಲ್ಲಿಸಿದ್ದರು. ನಾನು ನಡುಮನೆಯಲ್ಲಿ ಕಾಲು ಚಾಚಿ ಕೂತು ಪರೀಕ್ಷೆ ಪೇಪರು ತಿದ್ದುತ್ತಿದ್ದೆ. ದೊಡ್ಡಮ್ಮ ಕಾಲು ತೊಳೆಯಲೆಂದು ನೇರ ಹಿತ್ತಲಿಗೆ ಹೋದಳು. ಅಲ್ಲಿ ಮಾವ ಚಡ್ಡಿ ಬನಿಯನ್ನಿನಲ್ಲಿ, ಮೊಣಕೈವರೆಗೆ ಬೂದಿ ಮೆತ್ತಿಕೊಂಡು, ಮುದ್ದೆ ಮಾಡಿದ ಪಾತ್ರೆಯ ತಳ ಕೆರೆಯುತ್ತಿದ್ದರು.

"ಅಯ್ಯೋ ಶಿವ್ನೇ! ಬೀಗ್ರು ಮುಸ್ರೆ ಉಜ್ತಾವ್ರಲ್ಲೋ!"

ಮಾವ ಎದ್ದು ನಿಂತು, ಬೂದಿಯ ಕೈಯನ್ನೇ ಜೋಡಿಸಿ, "ಬನ್ನಿ ಬೀಗ್ರೇ, ಒಳೀಕ್ ನಡೀರಿ. ಈಗ ಕಾಪಿ ಮಾಡ್ತೀನಿ" ಎಂದು ಬಾಯ್ತುಂಬ ಕರೆದರು. ಆ ಮಾತು ದೊಡ್ಡಮ್ಮನ ಗಾಯದ ಮೇಲೆ ಬರೆ ಎಳೆಯಿತು. ಅವಳು ಒಳಗೆ ಬಂದು ನನ್ನ ಮುಂದೆ ಬಿದ್ದಿದ್ದ ಪೇಪರುಗಳನ್ನೂ ನನ್ನ ಚಾಚಿದ ಕಾಲನ್ನೂ ನೋಡಿದಳು.

"ನಾನ್ ನಿನ್ನ ಇಂಗಾ ಸಾಕಿದ್ದು? ಬೀಗ್ರ ಕೈಲಿ ಮುಸ್ರೆ ತಿಕ್ಸಿ ನೀನ್ ಕಾಲ್ ನೀಡ್ಕಂಡ್ ಕುಂತಿದ್ಯಲ್ಲ. ಈ ಮನೇಲಿ ನನ್ ಗಂಟ್ಲಲ್ಲಿ ನೀರೂ ಇಳಿಯಕಿಲ್ಲ ಕಣೇ."

ಹಾಗೆಂದವಳು ನಿಜಕ್ಕೂ ನೀರು ಕೂಡ ಮುಟ್ಟದೆ ಹೊರಟುಹೋದಳು. ಮಾವ ಮಾಡಿದ ಕಾಫಿ ಆರು ಲೋಟಗಳಲ್ಲಿ ಕೆನೆಗಟ್ಟಿತು. ವಾರ ಕಳೆಯುವಷ್ಟರಲ್ಲಿ ಯಳಂದೂರಿನ ನಮ್ಮ ನೆಂಟರ ಪೈಕಿ ಈ ಸುದ್ದಿ ಗೊತ್ತಿಲ್ಲದವರು ತೊಟ್ಟಿಲಲ್ಲಿರುವ ಕೂಸುಗಳು ಮಾತ್ರ ಎನ್ನುವ ಹಾಗಾಯಿತು.

ದೊಡ್ಡಮ್ಮ ಹೊರಟುಹೋದ ಸಂಜೆಯೇ ನಾನು ಮಾತನಾಡಿದೆ. ಮಾವ ಮಕ್ಕಳ ಜೊತೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಮಕ್ಕಳನ್ನು ಆಚೆ ಕಳಿಸಲೂ ಇಲ್ಲ.

"ನಿಮ್ಮಿಂದ ನಾನು ತಲೆ ಎತ್ಕಂಡು ಓಡಾಡೋ ಹಂಗಿಲ್ಲ ಮಾವ. ಮಿಲಿಟ್ರೀಲಿ ಇದ್ದೋರು ಅಂತ ಊರಿಗೆಲ್ಲ ಹೇಳ್ತೀನಿ, ಮನೇಲಿ ನೋಡಿದ್ರೆ ಹೆಂಗಸ್ರ ಥರ ಮುಸ್ರೆ ಮುಂದೆ ಕುಂತಿರ್ತೀರಿ. ನಂಗೆ ನಾಚಿಕೆ ಆಯ್ತದೆ. ನಾಳೆಯಿಂದ ಒಂದು ಕಡ್ಡಿ ಎತ್ತಿಡಬ್ಯಾಡಿ. ಯಜಮಾನ್ರು ಯಜಮಾನ್ರ ಥರ ಜಗಲಿ ಮೇಲೆ ಕುಂತ್ಕಳಿ. ನನಗೆ ಅಷ್ಟು ಮಾಡ್ಕೊಡಿ, ಸಾಕು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಮಕ್ಕಳಿಂದ ಹತ್ತು ಸಲ ಬರೆಸುವವಳು ನಾನು.

ಮಾವ ಮಡಿಲಲ್ಲಿದ್ದ ಅವರೆಕಾಯನ್ನು ಮೊರಕ್ಕೆ ಸುರಿದು ಎದ್ದರು. ಕೈ ಕೊಡವಿಕೊಂಡರು. "ಆಯ್ತು ಮಗ" ಎಂದರು. ಅಷ್ಟೇ. ಆರ್ಡರ್ ಬಂದ ಮೇಲೆ ಯಾಕೆ ಎಂದು ಕೇಳುವ ಅಭ್ಯಾಸ ಅವರಿಗಿರಲಿಲ್ಲ. ಅವರು ಒಂದು ಮಾತು ವಾದ ಮಾಡಿದ್ದರೆ ನಾನು ಅತ್ತು ಕರೆದು ಹಿಂದೆಗೆಯುತ್ತಿದ್ದೆನೋ ಏನೋ. ಈಗ ಅವರ ಮೇಲೆ ಇದೊಂದು ತಪ್ಪು ಹೊರಿಸಿ ಹಗುರಾಗಲು ನೋಡುತ್ತಿದ್ದೇನೆ, ಇರಲಿ.

ಮರುದಿನವೇ ಹನೂರಿನಿಂದ ಕೈಯಿರುವ ದೊಡ್ಡ ಕುರ್ಚಿ ತರಿಸಿ ಜಗಲಿಯ ಮೇಲೆ ಹಾಕಿದೆ. ಪೇಪರು ಹಾಕಿಸಿದೆ. ಮುಸುರೆಗೆ ಒಬ್ಬಳನ್ನು ಗೊತ್ತುಮಾಡಿದೆ. ಅವಳು ತೊಳೆದ ಪಾತ್ರೆಯಲ್ಲಿ ಜಿಡ್ಡು ಹಾಗೇ ಇರುತ್ತಿತ್ತು, ನಾನು ಮತ್ತೆ ತೊಳೆದುಕೊಳ್ಳುತ್ತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕಲ್ಲ. ಮಾವ ಗಡ್ಡ ಹೆರೆದುಕೊಂಡು, ಪಂಚೆ ಶರ್ಟು ತೊಟ್ಟು, ಬೆಳಗ್ಗೆ ಆರಕ್ಕೆಲ್ಲ ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಪಹರೆ ಕಾಯುವವರ ಹಾಗೆ ಬೆನ್ನು ನೆಟ್ಟಗೆ. ನಾನು ಹೇಳಿದ್ದು ಕೆಲಸ ಮಾಡಬೇಡಿ ಎಂದು. ಅವರು ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟರು. ಕುಡಿಯುವ ನೀರಿಗೂ ಮೊಮ್ಮಗಳನ್ನು ಕರೆಯುತ್ತಿದ್ದರು. ಚಿಕ್ಕವಳು ಬಾಚಣಿಗೆ ಹಿಡಿದುಕೊಂಡು ಬಂದು ಅವರ ಮುಂದೆ ಬೆನ್ನು ತಿರುಗಿಸಿ ಕೂತರೆ, ನನ್ನ ಮುಖ ನೋಡಿ, "ಅವ್ವನ ತಾವು ಓಗು ಕೂಸೇ" ಎನ್ನುತ್ತಿದ್ದರು. ನಾನು ಹಾಕಿದ ಜಡೆ ಪ್ರಾರ್ಥನೆ ಮುಗಿಯುವ ಹೊತ್ತಿಗೇ ಬಿಚ್ಚಿಹೋಗುತ್ತಿತ್ತು.

ದಾರಿಯಲ್ಲಿ ಹೋಗುವವರು, "ಏನ್ ಯಜಮಾನ್ರೇ, ಸೊಸೆ ರಾಜನ್ ಮಡಗ್ದಂಗೆ ಮಡಗವ್ಳೆ" ಎಂದರೆ ಮಾವ ನಗುತ್ತಿದ್ದರು. ಒಳಗೆ ನಿಂತು ಆ ಮಾತು ಕೇಳಿ ನನಗೆ ಹಿಗ್ಗು. ಹೌದು, ಹಿಗ್ಗೇ ಆಗುತ್ತಿತ್ತು. ಮಾವ ಸೊರಗುತ್ತಿದ್ದದ್ದು ಕಾಣುತ್ತಿರಲಿಲ್ಲವೇ ಎಂದರೆ ಕಾಣುತ್ತಿತ್ತು. ವಯಸ್ಸಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಗಂಡ ಒಂದೆರಡು ಸಲ, "ಅಪ್ಪ ಯಾಕೋ ಮಾತೇ ಆಡಲ್ಲ" ಎಂದರು. "ಯಾವತ್ತು ಆಡಿದ್ರು?" ಎಂದೆ.

ಎರಡು ವರ್ಷ ಹೀಗೇ ಹೋಯಿತು. ಒಂದು ದಿನ ಅಪ್ಪ ಮಗ ಊಟಕ್ಕೆ ಕೂತು ನಾನು ಬಡಿಸುತ್ತಿದ್ದಾಗ ಮಾವ ಮಗನ ಕಡೆ ನೋಡುತ್ತಾ ನನ್ನನ್ನು ಕೇಳಿದರು. "ಕೊಳ್ಳೇಗಾಲದಲ್ಲಿ ಮದ್ವೆ ಛತ್ರ ಒಂದದೆ. ಮೇನೇಜರು ನಮ್ ಜೊತೇಲಿ ಮಿಲ್ಟ್ರೀಲಿದ್ದೋನು. ವಾಚ್‌ಮನ್ ಬೇಕಂತೆ. ಓಗ್ಲಾ?"

ವಾಚ್‌ಮನ್ ಎಂದರೆ ಯೂನಿಫಾರ್ಮು, ಸೀಟಿ, ಗೇಟು. ಮಾಜಿ ಸೈನಿಕರು ಮಾಡುವ ಮರ್ಯಾದೆಯ ಕೆಲಸ. ನಾನು ಒಪ್ಪಿಕೊಂಡೆ. ಅಂದಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೋಗುವುದು, ಹನೂರಿನಲ್ಲಿ ಬಸ್ಸು ಬದಲಾಯಿಸುವುದು, ಸಂಜೆ ವಾಪಸು ಬರುವುದು. ತಿಂಗಳೊಪ್ಪತ್ತಿನಲ್ಲಿ ಮುಖಕ್ಕೆ ಕಳೆ ಬಂತು. ಮಕ್ಕಳ ಜೊತೆ ಮತ್ತೆ ಹಿಂದಿಯ ತಮಾಷೆ ಶುರುವಾಯಿತು. ಆದರೆ ಗೇಟು ಕಾಯುವವರ ಬೆರಳ ತುದಿ ನೀರಲ್ಲಿ ನೆಂದು ಸುಕ್ಕುಗಟ್ಟುವುದೇಕೆ? ಅಂಗಿಯಲ್ಲಿ ಸಾರಿನ ಒಗ್ಗರಣೆ ವಾಸನೆಯೇಕೆ? ನನಗೆ ಗೊತ್ತಾಗಲಿಲ್ಲ ಎಂದರೆ ಸುಳ್ಳು. ನಾನು ಗೊತ್ತುಮಾಡಿಕೊಳ್ಳಲಿಲ್ಲ. ಯಾರ ಕಣ್ಣಿಗೂ ಬೀಳದಿದ್ದರೆ ಸರಿ ಎಂದು ಸುಮ್ಮನಿದ್ದೆ.

ಅಷ್ಟರಲ್ಲಿ ದೊಡ್ಡಮ್ಮನ ಮೊಮ್ಮಗಳ ಮದುವೆ ಗೊತ್ತಾಯಿತು. ಲಗ್ನಪತ್ರಿಕೆಯಲ್ಲಿ ನೋಡಿದರೆ ಅದೇ ಛತ್ರ. ಹೆಣ್ಣಿನ ಕಡೆಯ ನೂರಾರು ನೆಂಟರು ಒಳಗೆ ಬರುವಾಗ ಬೀಗರು ಗೇಟಿನಲ್ಲಿ ನಿಂತು ಕಾರುಗಳಿಗೆ ಸೆಲ್ಯೂಟ್ ಹೊಡೆಯುವುದೇ?

"ಮಾವ, ನೀವೂ ಬಿಳಿ ಪಂಚೆ ಉಟ್ಕಂಡು ಬೀಗ್ರಾಗಿ ಬನ್ನಿ. ಇಲ್ಲಾಂದ್ರೆ ಅವತ್ತೊಂದಿನ ರಜ ಹಾಕಿ" ಎಂದೆ.

"ನೋಡಾನ ಮಗ" ಎಂದು ಪತ್ರಿಕೆಯನ್ನು ಮತ್ತೆ ಕವರಿಗೆ ಸೇರಿಸಿ ಗೂಡಿನಲ್ಲಿಟ್ಟರು.

ಮದುವೆಯ ದಿನ ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಗಂಡನಿಗೆ ಡ್ಯೂಟಿ, ಮಕ್ಕಳಿಗೆ ಪರೀಕ್ಷೆ. ನಾನೊಬ್ಬಳೇ ಹೋದೆ. ಛತ್ರದ ಗೇಟಿನಲ್ಲಿ ಬೇರೆ ಯಾರೋ ನಿಂತಿದ್ದರು. ಸದ್ಯ, ರಜ ಹಾಕಿ ಎಲ್ಲೋ ಹೋಗಿದ್ದಾರೆ ಎಂದು ಉಸಿರು ಬಿಟ್ಟೆ. ಧಾರೆ ಮುಗಿಯಿತು. ದೊಡ್ಡಮ್ಮ ಮಂಟಪದ ಹತ್ತಿರವೇ ಇದ್ದಳು. ನಾನು ಎರಡನೆಯ ಪಂಕ್ತಿಗೆ ಕೂತೆ. ಪಕ್ಕದಲ್ಲಿ ಗಂಡಿನ ಕಡೆಯ ಹೆಂಗಸು, ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ವ್ಯಾಪಾರ ಮಾಡುವವರ ಮನೆಯಾಕೆ. ನನ್ನ ಸೀರೆಯ ಸೆರಗನ್ನು ಬೆರಳಲ್ಲಿ ತೀಡಿ ನೋಡಿ, ಚೆನ್ನಾಗಿದೆ ಎಂದು ತೀರ್ಪು ಕೊಟ್ಟು, ಮಾತಿಗೆ ಶುರುವಿಟ್ಟರು. ಮನೆ ಎಲ್ಲಿ, ಎಷ್ಟು ಮಕ್ಕಳು, ಮನೆಯಲ್ಲಿ ಹಿರಿಯರು ಯಾರಿದ್ದಾರೆ.

"ನಮ್ಮ ಮಾವ ಇದ್ದಾರೆ. ಮಿಲಿಟರಿಯಲ್ಲಿ ಹವಾಲ್ದಾರ್ ಆಗಿದ್ದೋರು" ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. "ಮನೇಲಿ ಒಂದು ಕಡ್ಡಿ ಎತ್ತಿಡೋಕೆ ಬಿಡಲ್ಲ ನಾನು. ಅಷ್ಟು ಕಷ್ಟಪಟ್ಟು ಬಂದೋರಲ್ವಾ?"

"ಪುಣ್ಯ ಮಾಡಿದ್ರು ಬುಡಿ" ಎಂದರು ಆಕೆ.

ಆಗಲೇ ನನ್ನ ಎಲೆಯ ಮುಂದೆ ಒಂದು ಜೊತೆ ಕಾಲು ಬಂದು ನಿಂತಿತು. ಕಾಲು ಹಾಗೆ ಜೋಡಿಸಿ ನಿಲ್ಲುವವರು ನನಗೆ ಗೊತ್ತಿದ್ದದ್ದು ಒಬ್ಬರೇ. ತಲೆಯೆತ್ತಿದೆ. ತಲೆಗೆ ಬಿಳಿ ಟೋಪಿ, ಸೊಂಟಕ್ಕೆ ಬಿಳಿ ಬಟ್ಟೆ, ಎಡಗೈಯಲ್ಲಿ ಒಬ್ಬಟ್ಟಿನ ತಟ್ಟೆ. ಮಾವ ನನ್ನ ಮುಖವನ್ನು ನೋಡಿದರು, ಯಾವತ್ತೂ ನೋಡಿಲ್ಲದವಳನ್ನು ನೋಡಿದ ಹಾಗೆ.

"ಒಬ್ಬಟ್ಟು ಆಕ್ಲಾ ಅಮ್ಮೋರೆ?"

ಅವರು ಎರಡು ಒಬ್ಬಟ್ಟನ್ನು ಎಲೆಯ ತುದಿಗೆ ಸಮನಾಗಿ ಹಾಕಿದರು. ಹಿಂದಿದ್ದವನ ಕೈಯಿಂದ ತುಪ್ಪದ ಪಾತ್ರೆ ಇಸಿದುಕೊಂಡು ತಾವೇ ಬಡಿಸಿದರು, ಒಂದು ಸಲ, ಇನ್ನೊಂದು ಸಲ. "ನಿಧಾನ್ವಾಗ್ ಉಣ್ಣಿ. ಅವಸ್ರ ಇಲ್ಲ" ಎಂದರು.

"ನನಗೂ ತುಪ್ಪ ಹಾಕಪ್ಪ" ಎಂದರು ಪಕ್ಕದಾಕೆ. ಹಾಕಿ ಮುಂದಕ್ಕೆ ಹೋದರು. ಆಕೆ ನನ್ನ ಕಡೆ ಬಾಗಿ, "ಆ ಮುದುಕ ಎಷ್ಟು ನೀಟಾಗಿ ಬಡಿಸ್ತಾನೆ ನೋಡಿ" ಎಂದರು.

ಅವರು ನಮ್ಮ ಮಾವ ಎನ್ನಲು ನಾಲಿಗೆಗೆ ಎಷ್ಟು ಹೊತ್ತು ಬೇಕು? ನಾನು "ಹೂಂ" ಎಂದೆ.

ಪಂಕ್ತಿಯ ನಡುವೆ ಎದ್ದು ಹೋಗುವ ಹಾಗಿಲ್ಲ. ಅನ್ನ ಕಲಸಿದ ಹಾಗೆ ಮಾಡಿದೆ. ಒಬ್ಬಟ್ಟನ್ನು ಮುಟ್ಟಲಾಗಲಿಲ್ಲ. ಮಿಕ್ಕವರು ಏಳುತ್ತಲೇ ಎಲೆಯನ್ನು ಅದರ ಮೇಲೆ ಮಡಚಿ ಎದ್ದುಬಿಟ್ಟೆ. ಕೈತೊಳೆಯುವ ಕಡೆಯಿಂದ ಛತ್ರದ ಹಿಂಬದಿ ಕಾಣುತ್ತಿತ್ತು. ಬಾಣಲೆ, ಕೊಳದಪ್ಪಲೆಗಳ ರಾಶಿಯ ನಡುವೆ ಕೆಲಸದ ಹೆಂಗಸರು ಕೂತಿದ್ದರು. ತೊಳೆದ ಪಾತ್ರೆಗಳು ಗೋಡೆಯುದ್ದಕ್ಕೂ ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ನಿಂತಿದ್ದವು. ಮಾವ ಬಡಿಸುವುದನ್ನು ಮುಗಿಸಿ ಬಂದು ಏನೋ ಹಿಂದಿಯಲ್ಲಿ ಕೂಗಿದರು, ಆ ಹೆಂಗಸರು ಬಿದ್ದು ಬಿದ್ದು ನಕ್ಕರು. ಅವರೂ ನಗುತ್ತಿದ್ದರು. ನಾಲ್ಕು ಹೆಜ್ಜೆ ಇಟ್ಟಿದ್ದರೆ ನಾನು ಅಲ್ಲಿರುತ್ತಿದ್ದೆ. ದೊಡ್ಡಮ್ಮನಿಗೂ ಹೇಳದೆ ಬಸ್ಸು ಹತ್ತಿದೆ.

ಸಂಜೆ ಅವರು ಮನೆಗೆ ಬಂದರು. ಕಾಲು ತೊಳೆದುಕೊಂಡು, ಕುರ್ಚಿಯಲ್ಲಿ ಕೂತು, ಮಾಮೂಲಿನಂತೆ ಕೇಳಿದರು.

"ಮದ್ವೆ ಸೆಂದಾಗಾಯ್ತಾ ಮಗ?"

"ಆಯ್ತು ಮಾವ."

"ಊಟ?"

"ಹೊಟ್ಟೆ ತುಂಬ ಉಂಡೆ ಮಾವ. ಒಬ್ಬಟ್ಟು ಬಾಳ ಚೆನ್ನಾಗಿತ್ತು."

"ಸಂತೋಷ" ಎಂದರು. ಪೇಪರು ಬಿಡಿಸಿಕೊಂಡರು.

ನನ್ನನ್ನು ಬೈಯಲಿ ಎಂದು ಕಾದೆ. ಕೆಲಸ ಬಿಡುತ್ತಾರೇನೋ ಎಂದೂ ಕಾದೆ. ಎರಡೂ ಆಗಲಿಲ್ಲ. ಮರುದಿನ ಅದೇ ಮೊದಲ ಬಸ್ಸಿಗೆ ಹೋದರು. ನಾನು ನಾಳೆ ಮಾತನಾಡುತ್ತೇನೆ, ಭಾನುವಾರ ಮಾತನಾಡುತ್ತೇನೆ, ಬೇಸಿಗೆ ರಜೆಯಲ್ಲಿ ಮಾತನಾಡುತ್ತೇನೆ ಎಂದು ದಿನ ದೂಡಿದೆ. ಮಾತನಾಡಿದರೆ ಆ "ಹೂಂ" ಕೂಡ ಒಪ್ಪಿಕೊಳ್ಳಬೇಕಿತ್ತು. ಬೇಸಿಗೆ ರಜೆಗೆ ಮೊದಲೇ ಅವರಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು, ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ಹೋದರು. ಕೊನೆಯ ದಿನ ಪ್ರಜ್ಞೆಯಿರಲಿಲ್ಲ. ಬೆರಳುಗಳು ಮಾತ್ರ ಹೊದಿಕೆಯ ಅಂಚನ್ನು ಹುಡುಕಿ ಹುಡುಕಿ ಮಡಚುತ್ತಿದ್ದವು.

ಮಣ್ಣಿಗೆ ಮಾಜಿ ಸೈನಿಕರು ಬಂದರು, ಬಾವುಟ ಹೊದಿಸಿದರು. ದೊಡ್ಡಮ್ಮ ಬಂದಳು. ಜನರೆಲ್ಲ ಸೊಸೆ ಚೆನ್ನಾಗಿ ನೋಡಿಕೊಂಡಳು ಎಂದರು. ನಾನು ತಲೆ ತಗ್ಗಿಸಿಕೊಂಡಿದ್ದೆ, ಅದು ದುಃಖಕ್ಕೆ ಎಂದುಕೊಂಡರು.

ಮಾವನ ತಿಥಿಗೆ, ಶಿವಗಣಾರಾಧನೆಯ ದಿನ, ಛತ್ರದ ಅಡುಗೆಯವರೊಬ್ಬರು ಬಂದರು. ಐವತ್ತು ದಾಟಿದ ದಪ್ಪನೆಯ ಮನುಷ್ಯ. ಊಟಕ್ಕೆ ಕೂರಿಸಿ ನಾನೇ ಬಡಿಸುತ್ತಿದ್ದೆ. ಅವರು ನನ್ನ ಮುಖವನ್ನೇ ನೋಡಿ, "ನೀವೇ ಅಲ್ವೇನವ್ವ ಸೊಸೆ? ಅವತ್ತು ಮದ್ವೇಲಿ ಎರಡ್ನೇ ಪಂಕ್ತೀಲಿ ಕುಂತಿದ್ರಿ" ಎಂದರು.

ನಾನು ಹೌದೆಂದೆ. ನಿಮಗೆ ಹೇಗೆ ಗೊತ್ತು ಎಂದೂ ಕೇಳಿದೆ.

"ಅವ್ರೇ ಏಳಿದ್ರಲ್ಲ. ಇವತ್ತು ನಿಮ್ ನೆಂಟ್ರು ಮದ್ವೆ, ರಜ ತಕಳಿ ಯಜಮಾನ್ರೇ ಅಂದೆ. ಬ್ಯಾಡ ಅಂದ್ರು. ಮನೇಲಿ ಮಾವನ್ ಮುಂದೆ ಸೊಸೆ ಉಣ್ಣಕಿಲ್ವಲ್ಲ. ಎಲ್ರದೂ ಆದ್ಮೇಲೆ ಒಳಗ್ ಕುಂತು ಅದೇನ್ ಉಣ್ತಾಳೋ ಏನೋ, ಇಷ್ಟ್ ವರ್ಸದಲ್ಲಿ ಅವ್ಳು ಉಂಡದ್ದ ನಾನ್ ನೋಡಿಲ್ಲ ಕಣಪ್ಪ, ಇವತ್ತೊಂದಿನ ನಾನೇ ಬಡಿಸ್ತೀನಿ ಅಂದ್ರು. ಅವ್ಳು ಮಾತಾಡ್ಸಕಿಲ್ಲ, ನೀವ್ ಯಾರೂ ಏನೂ ಅನ್ಬ್ಯಾಡಿ ಅಂತ ನಮ್ಗೆಲ್ಲ ಮೊದ್ಲೇ ಏಳಿ ಮಡಗಿದ್ರು."

ನಾನು ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟೆ. ಆ ಮನುಷ್ಯ ಒಳ್ಳೆಯ ಮಾತು ಹೇಳುತ್ತಿದ್ದೇನೆ ಎಂದುಕೊಂಡೇ ಮುಂದುವರಿಸಿದರು.

"ಎಲೆ ಎತ್ತಾಕೆ ಹೆಂಗಸ್ರು ಹೊಂಟ್ರೆ ಅವ್ರನ್ ತಡುದ್ರು. ಆ ಒಂದ್ ಎಲೆ ನಾನೇ ಎತ್ತೀನಿ ಅಂತ ಓಗಿ ಎತ್ಕಂಬಂದ್ರು. ಬಿಚ್ಚಿ ನೋಡಿ, ಉಣ್ನಿಲ್ಲ ಕಣಪ್ಪ ಅಂದ್ರು. ಆಮೇಲೆ ಓಗಿ ಪಾತ್ರೆ ಮುಂದೆ ಕುಂತ್ಕಂಡ್ರು."